ಕರಾಚಿಯಿಂದ ಎರಡು ಸಲ

ಗಂಗಾವತಿಯವರಲ್ಲಿ ಮೊಟ್ಟಮೊದಲು ವಿಮಾನ ಹತ್ತಿದ ಮನುಷ್ಯ ನನ್ನ ಗಂಡ. ಒಂದೇ ಸಲ ಹೊರಟು ಎರಡು ಸಲ ಮನೆಗೆ ಬಂದವರೂ ಅವರೇ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ನನ್ನನ್ನು ಕೇಳಬೇಡಿ.

ಯುದ್ಧ ನಡೆದಿತ್ತು. ಅವರು ಕರಾಚಿಯಲ್ಲಿ ದಂಡಿನ ಸಾಹೇಬನೊಬ್ಬನಿಗೆ ಅಡುಗೆ ಮಾಡುತ್ತಿದ್ದರು. ಸಾಹೇಬನಿಗೆ ಬಳ್ಳಾರಿಯಲ್ಲಿ ಕೆಲಸ ಬಿತ್ತು. ಇವರ ಕೈಯ ಸಾರು ಬಿಟ್ಟು ಬದುಕಲಾರದೆ ಇವರನ್ನೂ ವಿಮಾನದಲ್ಲಿ ಕೂರಿಸಿಕೊಂಡು ಬಂದ. ಬಳ್ಳಾರಿಯಿಂದ ಹೊಳೆಯ ತನಕ ಲಾರಿ, ಹೊಳೆ ದಾಟಲು ಹರಿಗೋಲು, ಈಚೆ ದಡದಿಂದ ಯಮನೂರಸಾಬನ ಟಾಂಗಾ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ, ನಮ್ಮ ಎಮ್ಮೆ ಅದರಲ್ಲಿ ತನ್ನ ಮುಖ ನೋಡಿಕೊಂಡು ಎರಡು ದಿನ ಹಾಲು ಕೊಡಲಿಲ್ಲ.

ಅತ್ತೆ ಹುಲಿಗವ್ವ ಕಾಲಿಗೆ ನೀರು ಕೊಟ್ಟು, ಯಾವಾಗ ಹೊರಟೆ ಎಂದು ಕೇಳಿದರು.

“ಇವತ್ತ ನಸುಕಿನ್ಯಾಗ, ಯವ್ವಾ. ಒಂಬೈನೂರು ಮೈಲಿ. ಎಂಟು ತಾಸಿನ್ಯಾಗ ಬಳ್ಳಾರಿ.”

ಅತ್ತೆ ಬೆರಳು ಮಡಚಿ ಮೈಲಿಯನ್ನು ಹರದಾರಿ ಮಾಡಿದರು. ಮುನ್ನೂರು ಹರದಾರಿ, ನಡೆದರೆ ಒಂದೂವರೆ ತಿಂಗಳು. ಆಮೇಲೆ ಬೆನ್ನ ಹಿಂದೆ ನಿಂತು ಮಗನ ಹೆಸರು ಹಿಡಿದು ಮೂರು ಸಲ ಕರೆದರು. ಮಗ ತಿರುಗಲೇ ಇಲ್ಲ. ಕಿವಿಯಲ್ಲಿ ವಿಮಾನ ಇನ್ನೂ ಗುಂಯ್‌ಗುಡುತ್ತಿತ್ತಂತೆ. ಅತ್ತೆ ಅದನ್ನು ನಂಬಲಿಲ್ಲ, ನನ್ನ ಕಡೆ ತಿರುಗಿದರು.

“ಮೈ ಬಂದೈತಿ, ಜೀವ ಬಂದಿಲ್ಲ. ಅದಕ್ಕೇನ ರೆಕ್ಕಿ ಅದಾವ? ನಡಕೋತ ಬರಾಕ ಹತ್ತೈತಿ. ಅದು ಬರೂತನಕ ಇವನ್ನ ಒಳಗ ಕರಕೋಬ್ಯಾಡ.”

ನಾನು ಮೂರು ವರ್ಷ ಕಾದವಳು. ಸಾಹೇಬ ಕೊಟ್ಟ ರಜೆ ಎರಡು ದಿನ. ಆ ಎರಡೂ ರಾತ್ರಿ ಅವರು ಹೊರಗೆ ಕಟ್ಟೆಯ ಮೇಲೆ, ನಾನು ಒಳಗೆ, ನಡುವೆ ಹೊಸ್ತಿಲಿಗೆ ಅಡ್ಡವಾಗಿ ಅತ್ತೆ. ಅತ್ತೆಯ ಗೊರಕೆಗೆ ಕೊಪ್ಪಳದ ಕೋಟೆಯ ಕಲ್ಲು ಉದುರಿರಬೇಕು. ಹೋಗುವಾಗ ಗಂಡ ನನ್ನ ಕಡೆ ತಿರುಗಿ ನೋಡಿದರು. ಆ ಕಣ್ಣಲ್ಲಿ ಯಾರೂ ಇರಲಿಲ್ಲ.

ತಿಂಗಳಾಗುವುದರೊಳಗೆ ಅವರನ್ನು ಬರ್ಮಾದ ಕಡೆ ಕಳಿಸಿದರೆಂದು ಸುದ್ದಿ ಬಂತು. ಅತ್ತೆಗೆ ಊಟ ಸೇರದಾಯಿತು. ಖಾಲಿ ಮೈ ಗುಂಡಿನ ಎದುರು ಎಷ್ಟು ದಿನ ನಿಂತೀತು? ಮಗಳ ಬಾಣಂತನಕ್ಕೆ ಕುಷ್ಟಗಿಗೆ ಹೊರಟವರು ನನ್ನ ಕೈ ಹಿಡಿದುಕೊಂಡರು.

“ಜೀವ ಬಂದು ಕರದ್ರ ಬಾಗಲಾ ತಗೀಬ್ಯಾಡ. ತಗದ್ರ ಇಲ್ಲೇ ಉಳೀತೈತಿ, ನನ್ನ ಮಗ ಅಲ್ಲಿ ಸಾಯ್ತಾನ. ಹೆಸರು ಹಿಡದು ಕೂಗಿ, ಮೈ ಇದ್ದಲ್ಲಿ ಹೋಗು ಅನ್ನು. ಹೆಸರಿಲ್ದ ಹೇಳಿದ್ರ ಅದಕ್ಕ ಕೇಳಂಗಿಲ್ಲ.”

“ಗಂಡನ ಹೆಸರು ಹೆಂಗ ಹೇಳ್ಲಿ, ಅತ್ತಿ? ಹೆಂಡ್ತಿ ಆದಾಕಿ ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಂತ ನೀವ ಹೇಳೀರಿ.”

ಅತ್ತೆ ಗಾಡಿ ಹತ್ತಿದರು.

ಅತ್ತೆಯ ಲೆಕ್ಕದ ಒಂದೂವರೆ ತಿಂಗಳಿಗೆ ಸರಿಯಾಗಿ, ಒಂದು ಸಂಜೆ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದೆ. ಓಣಿಯ ನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಯಾರೋ ಕಾಲೆಳೆಯುತ್ತ ಬಂದು ಕಟ್ಟೆಯ ಮೇಲೆ ಕೂತರು. ಅವರದೇ ಕೆಮ್ಮು. ಆಮೇಲೆ ಅವರದೇ ದನಿ.

“ಭಾಳ ದೂರ ಆತು. ಬಾಗಲಾ ತಗಿ.”

ನನ್ನ ಹಿಟ್ಟಿನ ಕೈ ಚಿಲಕದ ಮೇಲಿತ್ತು. ಹೆಸರು ನಾಲಿಗೆಯ ತುದಿಯಲ್ಲಿತ್ತು.

ಬರ್ಮಾದಿಂದ ಅವರು ಮರಳಲಿಲ್ಲ, ಅದು ಊರಿಗೆಲ್ಲ ಗೊತ್ತು. ಆದರೆ ನನ್ನ ಬೋಳು ಹಣೆ ನೋಡಿ ಲೆಕ್ಕ ಹಾಕಬೇಡಿ. ಬಾಗಿಲು ತೆಗೆದಿದ್ದರೂ ಹೆಸರು ಕೂಗಿದ್ದರೂ ಹಣೆ ಹೀಗೇ ಆಗುತ್ತಿತ್ತು. ಹೇಳಿ ನೋಡೋಣ, ಎರಡರಲ್ಲಿ ಯಾವುದು ಮಾಡಿದೆ?