ಇನ್‌ಸ್ಪೆಕ್ಷನ್ ಬೊಂಬೆ

ನಾನು ಹುಟ್ಟಿದ್ದೇ ರೋಗಿಯಾಗಿ. ಹುಟ್ಟಿ ಬೆಳೆದು ಆಮೇಲೆ ಕಾಯಿಲೆ ಬೀಳುವುದು ಮನುಷ್ಯರ ಪಾಡು. ನನ್ನನ್ನು ಕಾಯಿಲೆಗೆಂದೇ ಎರಕ ಹೊಯ್ದರು. ಉತ್ತರದ ಕಡೆಯ ಒಂದು ಕಾರ್ಖಾನೆಯ ಬಿಸಿ ಅಚ್ಚಿನಿಂದ ಮೊದಲು ನನ್ನ ತಲೆ ಬಂತು, ಆಮೇಲೆ ಎದೆ, ಆಮೇಲೆ ಕೈಕಾಲು. ಒತ್ತಿದರೆ ತಗ್ಗಿ ಮತ್ತೆ ಏಳಲೆಂದು ಎದೆಯೊಳಗೆ ಸ್ಪ್ರಿಂಗ್ ಕೂರಿಸಿದರು. ಮೂಗಿನಿಂದ ಹೊಟ್ಟೆಗೊಂದು ದಾರಿ, ಉಸಿರಿಗೊಂದು ದಾರಿ ಕೊರೆದರು. ತೋಳಿಗೆ ರಬ್ಬರಿನ ರಕ್ತನಾಳ, ಸೂಜಿಗೊಂದು ಮೆತ್ತನೆಯ ಜಾಗ, ಹೊಟ್ಟೆಗೆ ಮುಚ್ಚಳ. ಗಂಡು ಬೇಕೆಂದವರಿಗೆ ಗಂಡು, ಹೆಣ್ಣು ಬೇಕೆಂದವರಿಗೆ ಹೆಣ್ಣು. ಆ ಭಾಗಗಳನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಪಕ್ಕದಲ್ಲಿಟ್ಟರು. ಬಣ್ಣ ಬಳಿಯುವ ಹೆಂಗಸಿನ ಮುಂದೆ ಅವಳ ಮೈಬಣ್ಣದ ಡಬ್ಬಿ ಇರಲಿಲ್ಲ. ದೊರೆಸಾನಿಯ ಗುಲಾಬಿ ಮಾತ್ರ ಇತ್ತು. ಅದನ್ನೇ ಬಳಿದು ನನಗೆ ನೀಲಿ ಕಣ್ಣು ಬಿಡಿಸಿದಳು.

ನನ್ನ ಕೆಲಸ ಇಷ್ಟೇ. ಜೀವವಿರುವವರ ಮೇಲೆ ಆಗಬಾರದ ತಪ್ಪುಗಳೆಲ್ಲ ನನ್ನ ಮೇಲೆ ಆಗಬೇಕು. ಸೂಜಿ ತಪ್ಪಿ ಚುಚ್ಚಲಿ, ನಳಿಗೆಯನ್ನು ತಪ್ಪು ದಾರಿಗೆ ತೂರಿಸಲಿ, ನಾನು ಸಾಯುವುದಿಲ್ಲ. ಸಾಯದೆ ಇರುವುದೇ ನನ್ನ ಉದ್ಯೋಗ.

ನನ್ನನ್ನು ಕೊಂಡವರು ರಾಯಚೂರು ಸೀಮೆಯ ಪಂಪನಗೌಡರು. ತಾಲೂಕು ಊರಿನ ತಮ್ಮ ಮದುವೆ ಹಾಲಿನ ಮೇಲ್ಮಹಡಿಯಲ್ಲಿ ಅವರು ನರ್ಸಿಂಗ್ ಶಾಲೆ ತೆಗೆದಿದ್ದರು. ಕೆಳಗೆ ಬ್ಯಾಂಡ್ ಬಾರಿಸಿದ ದಿನ ಮೇಲೆ ಪಾಠ ಬಂದ್. ನಾನು ಬಂದ ದಿನ ಕಾಯಿ ಒಡೆದರು, ಪ್ಲಾಸ್ಟಿಕ್ ಕವರಿನ ಮೇಲೆಯೇ ನನ್ನ ಹಣೆಗೆ ಕುಂಕುಮ ಒತ್ತಿದರು. ಪ್ರಿನ್ಸಿಪಾಲ್ ವಿಶಾಲಾಕ್ಷಿ ಮೇಡಂ ಕವರು ಬಿಚ್ಚಲು ಕೈ ಹಾಕಿದಾಗ ಗೌಡರು ತಡೆದರು.

“ಬಿಚ್ಚಬ್ಯಾಡ್ರಿ ಮೇಡಂ. ಇದು ಇನ್‌ಸ್ಪೆಕ್ಷನ್ ಬೊಂಬಿ.”

“ಮತ್ತ ಹುಡುಗ್ಯಾರು ಕಲಿಯೋದು ಯಾತರ ಮ್ಯಾಲ್ರಿ?”

“ಕೆಳಗ ಮದುವಿ ಹಾಲಿನ್ಯಾಗ ಲೋಡು ಬೇಕಾದಷ್ಟು ಬಿದ್ದಾವಲ್ಲ. ಚುಚ್ಚಲಿ.”

ಹೀಗೆ ಬೀಗರು ಒರಗಿ ಎಲೆ ಅಡಿಕೆ ಮೆದ್ದ ಲೋಡುಗಳಿಗೆ ಹುಡುಗಿಯರು ಸೂಜಿ ಚುಚ್ಚಿ ಕಲಿತರು. ನಾನು ಗಾಜಿನ ಕಪಾಟಿನಲ್ಲಿ ನಿಂತು ನೋಡಿದೆ. ಲೋಡಿಗೆ ಮೂಗಿಲ್ಲ. ಲೋಡಿನ ಎದೆ ಒತ್ತಿದರೆ ಹತ್ತಿ ಸರಿಯುತ್ತದೆ, ಮತ್ತೇನೂ ಆಗುವುದಿಲ್ಲ. ನಾಡಿ ಹಿಡಿಯುವುದು, ಬಿ.ಪಿ. ನೋಡುವುದು, ಮಲಗಿದ ರೋಗಿಗೆ ಮೈ ಒರೆಸುವುದು, ಇವನ್ನು ಒಬ್ಬರ ಮೇಲೊಬ್ಬರು ಮಾಡಿ ಕಲಿಯಬೇಕು. ಅದಕ್ಕೆ ಮೇಡಂ ಜೋಡಿ ಮಾಡಿದರು. ಎಲ್ಲರಿಗೂ ಜೋಡಿ ಸಿಕ್ಕಿತು, ಹುಲಿಗೆಮ್ಮಳಿಗೆ ಸಿಗಲಿಲ್ಲ.

ಹುಲಿಗೆಮ್ಮ ಮಸ್ಕಿ ಕಡೆಯ ಹಳ್ಳಿಯೊಂದರ ಮಾದಿಗರ ಕೇರಿಯವಳು. ಅವಳ ಕೇರಿಗೆ ಬರುವ ಸಿಸ್ಟರಮ್ಮ ರಸ್ತೆಯಲ್ಲೇ ನಿಂತು ಹೆಸರು ಕೂಗುತ್ತಿದ್ದಳಂತೆ. ಒಡ್ಡಿದ ಅಂಗೈಗೆ ಗುಳಿಗೆಯನ್ನು ಮೇಲಿನಿಂದ ಬಿಡುತ್ತಿದ್ದಳಂತೆ. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಒಬ್ಬ ನರ್ಸು ತನ್ನ ಕೇರಿಗೆ ಬೇಕು, ಆ ನರ್ಸು ತಾನೇ ಆಗಬೇಕು ಎಂದು ಈ ಹುಡುಗಿ ಬಂದಿದ್ದಳು.

ಮೇಡಂ ಅವಳನ್ನು ಸುವರ್ಣ ಎಂಬ ಹುಡುಗಿಯ ಜೊತೆ ಕೂರಿಸಿದರು. ಸುವರ್ಣ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮೇಡಂ, ನಮ್ಮವ್ವ ಬೈತಾಳ್ರಿ.”

“ಯಾಕ ಬೈತಾಳ?”

ಸುವರ್ಣ ನೆಲ ನೋಡಿದಳು. ಮೇಡಂ ಕಿಟಕಿ ನೋಡಿದರು. ಉಳಿದ ಹುಡುಗಿಯರು ತಮ್ಮ ತಮ್ಮ ಬಿ.ಪಿ. ಪಟ್ಟಿಗಳನ್ನು ಬಹಳ ಗಮನವಿಟ್ಟು ನೋಡಿದರು. ಕಾರಣವನ್ನು ಬಾಯಿಬಿಟ್ಟು ಹೇಳದೆ ಇರುವುದೂ ಒಂದು ವಿದ್ಯೆ. ಆ ಶಾಲೆಯಲ್ಲಿ ಅದೊಂದನ್ನು ಚೆನ್ನಾಗಿ ಕಲಿಸುತ್ತಿದ್ದರು.

“ಆತು, ಹುಲಿಗೆಮ್ಮಾ, ನಿನಗ ಮುಂದ ನೋಡೂಣು,” ಎಂದರು ಮೇಡಂ. ಆ ಮುಂದೆ ಬರಲೇ ಇಲ್ಲ. ದೊಡ್ಡಾಸ್ಪತ್ರೆಗೆ ತರಬೇತಿಗೆ ಕಳಿಸಿದಾಗಲೂ ಅವಳ ಕೈಗೆ ಬಂದದ್ದು ಬೆಡ್‌ಪ್ಯಾನ್. ಸಿರಿಂಜಿನ ಸರದಿ ಅವಳ ತನಕ ಬರುವಷ್ಟರಲ್ಲಿ ಡ್ಯೂಟಿ ಮುಗಿದಿರುತ್ತಿತ್ತು.

ಕೊನೆಯ ವರ್ಷ ಬಂತು. ಕೊನೆಯ ಪರೀಕ್ಷೆ ದಾಟಿದರೆ ರಿಜಿಸ್ಟರಿನಲ್ಲಿ ಹೆಸರು, ಕೈಗೆ ಲೈಸೆನ್ಸ್. ದಾಟದಿದ್ದರೆ ಬಿಳಿ ಕೋಟು ಬಿಚ್ಚಿ ಕೇರಿಗೆ ಹೋಗುವುದು. ಪರೀಕ್ಷೆಯಲ್ಲಿ ಬೊಂಬೆಯ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ತೋರಿಸಬೇಕು, ಬಡಿತ ನಿಂತ ಎದೆಯನ್ನು ಒತ್ತಿ ಎಬ್ಬಿಸಬೇಕು ಎಂದು ಪುಸ್ತಕದಲ್ಲಿತ್ತು. ಹುಲಿಗೆಮ್ಮ ಮೇಡಂ ಹತ್ತಿರ ಹೋದಳು.

“ಮೇಡಂ, ಬೊಂಬಿ ಒಂದ್ಸಲ ಕೊಡ್ರಿ. ನನಗ ಜೋಡಿನೂ ಇಲ್ಲ.”

“ಹರಿದ್ರ ಗೌಡರಿಗೆ ನೀ ಉತ್ರ ಕೊಡ್ತಿಯೇನು?”

ಅವಳ ಕೈಗೆ ನಾನು ಸಿಕ್ಕಿದ್ದು ಗೌಡರ ದುರಾಸೆಯಿಂದ. ಅವರಿಗೆ ಬೇರೆ ಬೇರೆ ಊರುಗಳಲ್ಲಿ ಇನ್ನೂ ಎರಡು ಶಾಲೆಗಳಿದ್ದವು. ಮೂರೂ ಶಾಲೆಗೆ ಬೊಂಬೆ ನಾನೊಬ್ಬಳೇ. ಎಲ್ಲಿ ತನಿಖೆಯ ಮಂದಿ ಬರುತ್ತಾರೋ ಅಲ್ಲಿಗೆ ನಾನು ಗೂಡ್ಸ್ ಆಟೊ ಏರಿ ಹೋಗಬೇಕು. ಮೊದಲ ಸಲ ಹಗ್ಗ ಬಿಗಿದು ಒಯ್ದಾಗ ನನ್ನ ಕಿರುಬೆರಳು ಮುರಿಯಿತು. ಯಾರಾದರೂ ಹಿಂದೆ ಕೂತು ಬೊಂಬೆ ಹಿಡಿದುಕೊಳ್ಳಬೇಕು ಎಂದು ಗೌಡರ ಹುಕುಂ ಆಯಿತು. ಗೂಡ್ಸ್ ಆಟೊದಲ್ಲಿ ಕೂರಲು ಯಾವ ಹುಡುಗಿಯೂ ಒಪ್ಪಲಿಲ್ಲ.

“ಹುಲಿಗೆಮ್ಮಾ, ನೀ ಹೋಗು,” ಎಂದರು ಮೇಡಂ. ಇಂಥ ಕೆಲಸಕ್ಕೆ ಅವಳ ಹೆಸರು ಮೊದಲು ನೆನಪಾಗುತ್ತಿತ್ತು.

ಆಟೊ ಊರು ದಾಟಿದ ಮೇಲೆ ಅವಳು ನನ್ನ ಕವರು ಬಿಚ್ಚಿದಳು. ನನಗೆ ಗಾಳಿ ತಾಗಿದ್ದು ಅದೇ ಮೊದಲು. ಒದ್ದೆ ಬಟ್ಟೆಯಿಂದ ಮುಖ ಒರೆಸಿ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

“ಅಕ್ಕಾ, ನನ್ನ ಹೆಸರು ಹುಲಿಗೆಮ್ಮ. ನಿಮ್ಮ ಮೂಗಿನ್ಯಾಗ ಒಂದು ನಳಿಗಿ ಇಳಸ್ತೀನ್ರಿ. ಹೆದರಬ್ಯಾಡ್ರಿ. ನಾ ನುಂಗು ಅಂದಾಗ ನುಂಗ್ರಿ.”

ಮುಂದಿನ ಸೀಟಿನಿಂದ ಡ್ರೈವರ್ ಖಾಜಾಸಾಬ್ ಕತ್ತು ತಿರುಗಿಸಿದರು. “ಏ ಬೇಟಿ, ಅದರ ಕೂಡ ಏನ್ ಮಾತಾಡ್ತಿ? ಅದಕ್ಕೇನು ಜೀವ ಐತಿ?”

“ಜೀವ ಇದ್ದೋರು ಕೈ ಕೊಡಂಗಿಲ್ಲಲ್ಲ ಕಾಕಾ.”

ಖಾಜಾಸಾಬ್ ಮುಂದಕ್ಕೆ ತಿರುಗಿದರು. ಆಮೇಲೆ ಗಾಡಿ ನಿಧಾನ ಮಾಡಿದರು. ಅಂದಿನಿಂದ ಅವರು ಡಾಂಬರು ರಸ್ತೆ ಬಿಟ್ಟು ಸುತ್ತು ಬಳಸಿನ ಕಾಲುವೆ ದಾರಿಯಲ್ಲೇ ಓಡಿಸಿದರು. “ಗೌಡ್ರು ಕೇಳಿದ್ರ ಟಯರ್ ಪಂಚರ್ ಅಂತೀನಿ,” ಎನ್ನುವರು. ತಗ್ಗು ಬಂದಾಗ ಕೂಗಿ ಹೇಳುವರು, “ಸೂಜಿ ತಗೀ ಬೇಟಿ, ದೊಡ್ಡ ತಗ್ಗು ಬಂತು, ನಿನ್ನ ಪೇಷಂಟ್ ಹಾರಿ ಕಾಲುವಿಗೆ ಬಿದ್ದಾಳು!”

ಬೇರೆ ಹುಡುಗಿಯರು ದೀಪಾವಳಿ ರಜೆಗೆ ಕಾದಂತೆ ಹುಲಿಗೆಮ್ಮ ಇನ್‌ಸ್ಪೆಕ್ಷನ್ನಿಗೆ ಕಾದಳು. ಮೊದಮೊದಲು ಅವಳ ನಳಿಗೆ ಉಸಿರಿನ ದಾರಿಗೇ ಹೋಯಿತು. ಎಷ್ಟು ಸಲ ನಾನು ಅವಳ ಕೈಯಲ್ಲಿ ಸತ್ತೆನೋ! “ಸತ್ತಿ ನೋಡಕ್ಕಾ,” ಎಂದು ಕಣ್ಣು ಒರೆಸಿಕೊಂಡು ಮತ್ತೆ ಶುರು ಮಾಡುವಳು. ಕುಲುಕುವ ಗಾಡಿಯಲ್ಲಿ ಮೊಣಕಾಲೂರಿ ನನ್ನ ಎದೆ ಒತ್ತುವಳು. ಅವಳ ಅಂಗೈ ಬಿದ್ದ ಕಡೆ ಗುಲಾಬಿ ಬಣ್ಣ ಸವೆದು ಒಳಗಿನ ಕಂದು ರಬ್ಬರ್ ಕಾಣಿಸಿತು. ಸ್ಪ್ರಿಂಗ್ ಸಡಿಲಾಯಿತು. ನನಗೆ ಅದು ಮುಪ್ಪು ಅನ್ನಿಸಲಿಲ್ಲ. ಆ ಸವೆತಕ್ಕೆಂದೇ ನಾನು ಹುಟ್ಟಿದ್ದು.

ಆ ಇನ್ನೆರಡು ಶಾಲೆಗಳಲ್ಲಿ ಒಂದರ ಚಂದವನ್ನೂ ಹೇಳಬೇಕು. ಅದೊಂದು ಭತ್ತದ ಗೋದಾಮು. ಅಲ್ಲಿ ಮಂಚ ಸಾಲಾಗಿಟ್ಟು, ಸಂತೆಕಟ್ಟೆಯಿಂದ ಕೂಲಿಯವರನ್ನು ಕರೆತಂದು ಹೊದಿಕೆ ಹೊದಿಸಿ ಮಲಗಿಸಿದ್ದರು. ಶಾಲೆಗೆ ಇರಲೇಬೇಕಾದ ಆಸ್ಪತ್ರೆ ಎಂದರೆ ಅದೇ. ತನಿಖೆಯ ಸಾಹೇಬರು ಬಂದಾಗ ನರಳಬೇಕು ಎಂದು ಅವರಿಗೆ ಹೇಳಿಕೊಟ್ಟಿದ್ದರು. ದಣಿದ ಮೈಗೆ ಹಾಸಿಗೆ ಸಿಕ್ಕಿದ್ದೇ ಒಬ್ಬ ಗೊರಕೆ ಹೊಡೆದ. “ಸೀರಿಯಸ್ ಕೇಸ್ರಿ,” ಎಂದರು ಗೌಡರು. ಸಾಹೇಬರು ಬರೆದುಕೊಂಡರು.

ನಮ್ಮ ಶಾಲೆಗೆ ಮಾತ್ರ ಆ ವರ್ಷ ಬೇರೆ ತರಹದವರು ಬಂದರು. ಬೆಂಗಳೂರಿನಿಂದ ಒಬ್ಬ ವಯಸ್ಸಾದ ಹೆಂಗಸು. ಬಹಳ ಕಾಲ ವಾರ್ಡುಗಳಲ್ಲೇ ಸವೆದ ನರ್ಸು. ಮೇಡಂ ಹುಡುಗಿಯರಿಗೆ ಮೊದಲೇ ಹೇಳಿಟ್ಟಿದ್ದರು, “ಮಾನ್ಯತೆ ಹೋದ್ರ ಈ ವರ್ಷದ ಪರೀಕ್ಷಾನೂ ಹೋತು. ನಿಮ್ಮ ಮೂರು ವರ್ಷ ನೀರಾಗ ಹಾಕಿದಂಗ. ತಿಳಕೊಂಡು ಮಾತಾಡ್ರಿ.”

ಆ ತಾಯಿ ಊಟ ಬೇಡವೆಂದರು, ಹಾರ ಬೇಡವೆಂದರು, ನೆಟ್ಟಗೆ ನನ್ನ ಹತ್ತಿರ ಬಂದು ಕವರು ಬಿಚ್ಚಿಸಿದರು. ಸವೆದ ಎದೆ ಕಂಡು ವಿಶಾಲಾಕ್ಷಿ ಮೇಡಂ ಮುಖ ಬಿಳಿಚಿಕೊಂಡಿತು. ಗೌಡರು ಹಲ್ಲು ಕಡಿದರು. ಆ ತಾಯಿ ಸವೆದ ಜಾಗದ ಮೇಲೆ ಬೆರಳಾಡಿಸಿದರು.

“ಪರವಾಗಿಲ್ಲವೇ, ಚೆನ್ನಾಗಿ ಬಳಸಿದ್ದೀರಿ! ಇಂಥದ್ದು ನಾನು ನೋಡಿಯೇ ಇರಲಿಲ್ಲ. ಯಾರಾದರೂ ಒಬ್ಬರು ಮಾಡಿ ತೋರಿಸಿ.”

ಯಾರೂ ಮುಂದೆ ಬರಲಿಲ್ಲ. ಸುವರ್ಣ ಇನ್ನೊಬ್ಬಳ ಬೆನ್ನ ಹಿಂದೆ ಸರಿದಳು. ಗೌಡರ ಕಣ್ಣು ಹುಡುಗಿಯರ ಸಾಲಿನ ಮೇಲೆ ಓಡಿತು. ಹುಲಿಗೆಮ್ಮ ಮುಂದೆ ಬಂದಳು. ನನಗೆ ಹೆಸರು ಹೇಳಿದಳು, ಮಾಡುವ ಕೆಲಸ ಹೇಳಿದಳು, ನಳಿಗೆಯನ್ನು ಮೂಗಿನಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ ಅಳೆದಳು, ನನ್ನ ತಲೆ ಬಾಗಿಸಿ ಒಂದೇ ಸಲಕ್ಕೆ ಇಳಿಸಿದಳು. ಆ ತಾಯಿ ಅವಳ ಭುಜದ ಮೇಲೆ ಕೈಯಿಟ್ಟರು.

“ನಿಜ ಹೇಳಮ್ಮ. ಎಲ್ಲರೂ ದಿನಾ ಇದರ ಮೇಲೆ ಅಭ್ಯಾಸ ಮಾಡ್ತೀರಾ?”

ನನ್ನ ತಲೆ ಇನ್ನೂ ಅವಳ ಅಂಗೈಯಲ್ಲಿತ್ತು. ಅವಳ ಬೆರಳು ತಣ್ಣಗಾದದ್ದು ನನಗೆ ತಿಳಿಯಿತು. ನಿಜ ಹೇಳಿದರೆ ಶಾಲೆ ಮುಚ್ಚುತ್ತದೆ, ಪರೀಕ್ಷೆ ಹೋಗುತ್ತದೆ, ಕೇರಿಯ ಮೊದಲ ನರ್ಸು ಅಲ್ಲೇ ಸಾಯುತ್ತಾಳೆ. ನಿಜ ಹೇಳುವ ಭಾರವೆಲ್ಲ ಅವಳ ತಲೆಯ ಮೇಲೆಯೇ ಬರಬೇಕಿತ್ತೆ? ಜೋಡಿ ಕೊಡದ ಮೇಡಂ ಅಲ್ಲಿದ್ದರು, ತೋಳು ಕೊಡದ ಸುವರ್ಣ ಇದ್ದಳು, ಲೋಡು ಕೊಟ್ಟ ಗೌಡರು ಇದ್ದರು. ಯಾರನ್ನೂ ಕೇಳಲಿಲ್ಲ. ಅವಳನ್ನು ಕೇಳಿದರು.

“ಹೌದ್ರಿ ಮೇಡಂ. ದಿನಾ ಮಾಡ್ತೀವ್ರಿ.”

ಹೀಗೆ, ಕದ್ದು ಕಲಿತವಳ ಕೈಯಿಂದಲೇ ಆ ಮೋಸದ ಶಾಲೆಗೆ ಮಾನ್ಯತೆ ಸಿಕ್ಕಿತು. ಬೊಂಬೆ ಸವೆದಿದೆ, ಹೊಸದು ತರಿಸಿ ಎಂದಷ್ಟೇ ಹೇಳಿ ಆ ತಾಯಿ ಸಂತೋಷದಿಂದ ಹೋದರು.

ಪರೀಕ್ಷೆಯ ಕತೆ ಕೇಳಿ. ನನ್ನನ್ನು ಮೇಜಿನ ಮೇಲೆ ಮಲಗಿಸಿದ್ದರು. ಪರೀಕ್ಷೆ ನಡೆಸಲು ಬಂದ ಇಬ್ಬರು ಗೌಡರ ಹೋಳಿಗೆ ಊಟ ಮುಗಿಸಿ ಕೂತಿದ್ದರು. ಸುವರ್ಣ ಬಾಯಿಪಾಠ ಒಪ್ಪಿಸಿದಳು, ಹೋದಳು. ಎಲ್ಲರೂ ಒಪ್ಪಿಸಿದರು, ಹೋದರು. ಹುಲಿಗೆಮ್ಮ ನಳಿಗೆ ಕೈಗೆತ್ತಿಕೊಂಡಳು.

“ಅದೆಲ್ಲ ಬ್ಯಾಡ. ಹೇಳಿದ್ರ ಸಾಕು,” ಎಂದ ಒಬ್ಬ.

“ಸರ್, ಮಾಡಿ ತೋರಸ್ತೀನ್ರಿ.”

“ಏ, ಗಾಡಿಗೆ ಹೊತ್ತಾಗ್ತದ. ಬಾಯಿಲೆ ಹೇಳು, ಕೈ ಹಚ್ಚಬ್ಯಾಡ.”

ಅವಳು ನಳಿಗೆ ಕೆಳಗಿಟ್ಟಳು. ಬಾಯಿಪಾಠ ಒಪ್ಪಿಸಿದಳು. ಪಾಸಾದಳು. ಸುವರ್ಣಳೂ ಪಾಸು, ಎಲ್ಲರೂ ಪಾಸು. ಲೈಸೆನ್ಸಿನಲ್ಲಿ ಲೋಡಿನ ಮೇಲೆ ಕಲಿತವರು ಯಾರು, ಬೊಂಬೆಯ ಮೇಲೆ ಕಲಿತವರು ಯಾರು ಎಂದು ಬರೆದಿರುವುದಿಲ್ಲ.

ಹೊಸ ಬೊಂಬೆ ಬಂತು. ನನ್ನನ್ನು ಗುಜರಿಗೆ ಹಾಕಲು ಖಾಜಾಸಾಬ್ ಜಗಲಿಗೆ ತಂದಿಟ್ಟ ದಿನ ಹುಲಿಗೆಮ್ಮ ಬಂದಿದ್ದಳು, ಯಾವುದೋ ಸರ್ಟಿಫಿಕೇಟಿಗೆ. ಅವಳೂ ಸುವರ್ಣಳೂ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದರು.

“ಹೆಂಗ ನಡದೈತಿ ಬೇಟಿ ನೌಕರಿ?”

“ಮೊದಲ್ನೇ ದಿನಾನ ಒಬ್ಬ ಮುದುಕಗ ಮೂಗಿನ ನಳಿಗಿ ಹಾಕಬೇಕಿತ್ತು ಕಾಕಾ. ಯಜ್ಜಾ, ನನ್ನ ಹೆಸರು ಹುಲಿಗೆಮ್ಮ ಅಂದೆ. ಮಗ ಕೇಳಿದ, ಸಿಸ್ಟರ್, ಯಾವೂರು, ಯಾರ ಪೈಕಿ ಅಂತ. ಹೇಳಿದೆ. ಬ್ಯಾರೇದೋರನ್ನ ಕಳಸ್ರಿ ಅಂದ.”

“ಯಾರು ಹೋದ್ರು?”

“ಸುವರ್ಣ. ನಳಿಗಿ ಉಸಿರಿನ ದಾರಿಗೆ ಹೋತು. ಮುದುಕ ಕೆಮ್ಮಿ ಕೆಮ್ಮಿ ನೀಲಿ ಆದ. ನಾ ಬಾಗಿಲದಾಗ ನಿಂತು ತಗೀ ಅಂತ ಚೀರಿದೆ. ತಗದಳು. ಆಮ್ಯಾಲ ಅಲ್ಲೇ ನಿಂತು ಹೇಳಕೋಂತ ಹೋದೆ. ತಲಿ ಬಾಗಿಸು, ನುಂಗ್ರಿ ಅನ್ನು, ಈಗ ಇಳಸು. ಇಳೀತು. ಮಗ ಆಕಿ ಕೈಗೆ ಒಂದು ಚೀಲ ಸೇಬು ಕೊಟ್ಟ.”

ಖಾಜಾಸಾಬ್ ನಗಲು ಹೋದರು, ಆಗಲಿಲ್ಲ. “ಆಕಿಗಿ ನಾಕು ಮಾತು ಅಂದಿಯಿಲ್ಲ?”

“ಏನಂತ ಅನ್ನಲಿ ಕಾಕಾ? ದಿನಾ ಮಾಡ್ತೀವ್ರಿ ಅಂದಾಕಿ ನಾನೇ ಅಲ್ಲ?”

ಅವಳು ನನ್ನ ಕಡೆ ನೋಡಲಿಲ್ಲ. ಮೆಟ್ಟಿಲಿಳಿದು ಹೋದಳು. ಡ್ಯೂಟಿಗೆ ಹೊತ್ತಾಗಿತ್ತು.

ನಾನೀಗ ಗುಜರಿ ಅಂಗಡಿಯಲ್ಲಿ ಮುರಿದ ಫ್ಯಾನು, ಹರಿದ ಟಯರುಗಳ ನಡುವೆ ಬಿದ್ದಿದ್ದೇನೆ. ಒಂದು ತೋಳನ್ನು ಯಾರೋ ಹೊಲಕ್ಕೆ ಬೆದರುಬೊಂಬೆ ಮಾಡಲು ಒಯ್ದರು. ಹಕ್ಕಿಗಳಾದರೂ ಅದಕ್ಕೆ ಹೆದರುತ್ತವೋ ಏನೋ. ದಿನವಿಡೀ ಮೇಲೆ ನೋಡುತ್ತ ಮಲಗಿರುತ್ತೇನೆ. ಅದು ನನಗೆ ಅಭ್ಯಾಸವಾದ ಕೆಲಸ.

ಓದುವವರೇ, ನೀವೂ ಒಂದು ದಿನ ಹೀಗೆ ಮೇಲೆ ನೋಡುತ್ತ ಮಲಗುತ್ತೀರಿ. ಬಿಳಿ ಕೋಟು ಹಾಕಿದ ಒಬ್ಬಳು ನಳಿಗೆ ಹಿಡಿದು ನಿಮ್ಮ ಮುಖದ ಮೇಲೆ ಬಗ್ಗುತ್ತಾಳೆ. ಕೇಳಲೇಬೇಕೆಂದಿದ್ದರೆ ಯಾರ ಪೈಕಿ ಎಂದು ಕೇಳಬೇಡಿ. ಯಾವುದರ ಮೇಲೆ ಕಲಿತೆ ತಾಯಿ ಎಂದು ಕೇಳಿ. ಏಕೆಂದರೆ ಆ ಶಾಲೆಯ ಹೊಸ ಬೊಂಬೆ ಇನ್ನೂ ಕವರಿನೊಳಗೇ ಇದೆ. ಅದರ ಮೇಲೆ ಆಗಬೇಕಾಗಿದ್ದ ತಪ್ಪುಗಳು ಎಲ್ಲಿಗೂ ಹೋಗಿಲ್ಲ. ನಿಮ್ಮ ದಾರಿ ಕಾಯುತ್ತಿವೆ.