ಅಕ್ಕನ ಜಾಗ

ಪಿರಿಯಾಪಟ್ಟಣದ ಶನಿವಾರದ ತರಗತಿಯ ಬಾಗಿಲಲ್ಲಿ ಆಶಾರಾಣಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಹಿಂದೆ ನನ್ನ ದೊಡ್ಡ ಮಗಳು ರೂಪಶ್ರೀ ತಲೆ ತಗ್ಗಿಸಿ ನಿಂತಿದ್ದಳು. ಅಂಗಿಯ ಎದೆಯ ಮೇಲೆ ವಾಂತಿಯ ಕಲೆ.

ತಾಲ್ಲೂಕಿನ ಶಾಲೆಗಳಿಂದ ನಾಲ್ಕನೇ ಕ್ಲಾಸಿನ ಚುರುಕು ಮಕ್ಕಳನ್ನು ಆರಿಸಿ ನಡೆಸುವ ತರಗತಿ ಅದು. ಪಠ್ಯಪುಸ್ತಕವಿಲ್ಲ. ತಲೆ ಕೆರೆದುಕೊಳ್ಳುವಂಥ ಲೆಕ್ಕ, ಕಾಗದದಲ್ಲಿ ಕಟ್ಟುವ ಸೇತುವೆ, ಎಲೆಯ ನರ ತೋರಿಸುವ ಭೂತಗನ್ನಡಿ. ಬೆಟ್ಟದಪುರದಾಚೆಯ ನಮ್ಮ ಊರಿಂದ ಆಯ್ಕೆಯಾದವಳು ಇವಳೊಬ್ಬಳೇ.

"ಮತ್ತೆ ವಾಂತಿ ಮಾಡ್ಕೊಂಡ್ಳು. ಪಕ್ಕದ ಹುಡುಗಿ ಬೀಡಿ ವಾಸನೆ ಅಂತ ಎದ್ದು ಹೋದ್ಳು," ಎಂದು ಮೇಡಂ ರೂಪಾಳ ಅಂಗೈ ತಿರುಗಿಸಿ ನೋಡಿದರು. ಎಷ್ಟು ಸೋಪು ಹಚ್ಚಿದರೂ ಬಿಡದ ಕಪ್ಪು ಅಂಟು. "ಹೊಗೆಸೊಪ್ಪು ಕಟ್ತಾಳಾ?"

"ಬೆಳಿಗ್ಗೆ ಒಂಚೂರು, ಮೇಡಂ. ನಮ್ ಕಡೆ ಎಲ್ರ ಮನೆ ಮಕ್ಳೂ ಕಟ್ತವೆ."

"ಒದ್ದೆ ಸೊಪ್ಪಿನ ವಿಷ ಚರ್ಮದಿಂದಲೇ ಒಳಗೆ ಹೋಗುತ್ತೆ ಅಮ್ಮ. ಮುಂದಿನ ಶನಿವಾರ ಪರೀಕ್ಷೆ ಇದೆ. ಕೂತು ಬರೆಯೋಕೆ ಆಗದಿದ್ರೆ ಈ ಜಾಗ ಬೇರೆ ಮಗುವಿಗೆ ಹೋಗುತ್ತೆ. ಅಲ್ಲೀವರೆಗಾದ್ರೂ ಸೊಪ್ಪು ಮುಟ್ಟಿಸಬೇಡಿ."

ಈ ವಾಂತಿಯನ್ನು ನಾವು ದೃಷ್ಟಿ ಅಂದುಕೊಂಡಿದ್ದೆವು. ಆಯ್ಕೆಯಾದ ಮಗುವಿನ ಮೇಲೆ ಊರಿನ ಕಣ್ಣು ಬಿದ್ದಿದೆ ಅಂತ ನಮ್ಮತ್ತೆ ಗುರುಶಾಂತಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಆಮೇಲೆ ಅದೇ ಮಗು ಹೋಗಿ ಸೊಪ್ಪಿನ ಮುಂದೆ ಕೂರುತ್ತಿತ್ತು.

ಬಸ್ಸಿನಲ್ಲಿ ರೂಪಾ ಕೇಳಿದಳು, "ಅವ್ವ, ನಾನ್ ಕೂರ್ದಿದ್ರೆ ನನ್ ಕೋಲು ಯಾರ್ ಕಟ್ತಾರೆ?"

"ನಾನೇ ಕಟ್ತೀನಿ ಕಣೆ. ನೀನು ಮಲಕ್ಕೊ."

ಹಾಗೆಂದು ಹೇಳಿದ್ದೇನೋ ನಿಜ. ಆದರೆ ಮುರಿದ ಸೊಪ್ಪು ಕಾಯುವುದಿಲ್ಲ. ಬೆಳಿಗ್ಗೆ ಹೊಲದಿಂದ ತಂದದ್ದು ಸಂಜೆಯೊಳಗೆ ಕೋಲಿಗೆ ಕಟ್ಟಿ, ಒಣಗಿಸುವ ಮನೆ ಬ್ಯಾರನ್ನಿಗೆ ಏರಿಸಿ, ಬೆಂಕಿ ಹಾಕಬೇಕು. ಆಳುಗಳು ಸಿಗದ ಕಾಲ. ಸೋಮವಾರ ನಾನು ಒಲೆಗೂ ಸೊಪ್ಪಿಗೂ ಓಡಾಡಿದೆ. ಕತ್ತಲಾಗುವ ಹೊತ್ತಿಗೆ ಕಟ್ಟದೆ ಉಳಿದ ರಾಶಿ ಬಿಸಿಯಾಗಿ ಬಾಡಿತು. ನನ್ನ ಗಂಡ ಮಲ್ಲೇಶ್ ಬೈಯಲಿಲ್ಲ. ರಾಶಿಯೊಳಗೆ ಕೈ ಇಟ್ಟು ನೋಡಿ, "ರೂಪಾ ಓದ್ಲಿ ಬುಡು. ಪೂಜಾನ ಕೂರ್ಸು," ಎಂದರು.

"ಅದಿನ್ನೂ ಎರಡ್ನೇ ಕ್ಲಾಸು ಕಣ್ರೀ."

"ರೂಪಾನೂ ಎರಡ್ನೇ ಕ್ಲಾಸಲ್ಲೇ ಅಲ್ವೇನೆ ಕೂತಿದ್ದು?"

ಚಿಕ್ಕ ಮಗಳು ಪೂಜಾ ಕುಣಿದಾಡಿದಳು. ಅಕ್ಕನ ಜಾಗ, ಅಕ್ಕನ ಉದ್ದ ತೋಳಿನ ಹಳೆ ಅಂಗಿ, ಅಕ್ಕ ಕೂರುತ್ತಿದ್ದ ಗೋಣಿಚೀಲ, ಎಲ್ಲ ಈಗ ಅವಳದ್ದು. ಎರಡು ಪ್ಲಾಸ್ಟಿಕ್ ಕವರು ತಂದು ನಾನು ಅವಳ ಕೈಗೆ ಕಟ್ಟಿದೆ. ದಾರ ಜಾರುತ್ತದೆ, ಗಂಟು ಬೀಳುವುದಿಲ್ಲ ಎಂದು ಕಿತ್ತೆಸೆದಳು. ಮತ್ತೆ ಕಟ್ಟಿದೆ. ಮತ್ತೆ ಕಿತ್ತಳು.

ರೂಪಾ ಜಗಲಿಯಲ್ಲಿ ಕೂತು ಮೇಡಂ ಕೊಟ್ಟ ಲೆಕ್ಕಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. "ಒಂದು ಹಗ್ಗವನ್ನು ಏಳು ತುಂಡು ಮಾಡಲು ಎಷ್ಟು ಸಲ ಕತ್ತರಿಸಬೇಕು?"

"ಆರ್ ಸಲ," ಅಂದಳು ಪೂಜಾ, ಸೊಪ್ಪಿನಿಂದ ತಲೆ ಎತ್ತದೆ. "ಕೊನೇದು ತಾನೇ ತುಂಡಾಗಿರ್ತದಲ್ಲ."

"ನಿನ್ ಯಾರೇ ಕೇಳಿದ್ದು ಬಾಯ್ಬಡ್ಕಿ? ನಂಗೂ ಗೊತ್ತಿತ್ತು."

"ಗೊತ್ತಿದ್ರೆ ಯೋಳ್ಬೇಕಿತ್ತು."

ಅತ್ತೆ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಕೈ ತಾನಾಗಿಯೇ ನಿಂತಿತು. ಅಕ್ಕ ಓದಿದ ಲೆಕ್ಕಕ್ಕೆಲ್ಲ ಈ ಮಗು ಮೊದಲಿನಿಂದಲೂ ಹೀಗೇ ಬಾಯಿ ಹಾಕುತ್ತಿತ್ತು. ನಾವು ಅದನ್ನು ತುಂಟತನ ಅಂತ ಗದರುತ್ತಿದ್ದೆವು.

ಗುರುವಾರ ಮಳೆಯಲ್ಲೇ ಸೊಪ್ಪು ಮುರಿದರು. ಮಧ್ಯಾಹ್ನದ ಹೊತ್ತಿಗೆ ಪೂಜಾಳ ತುಟಿ ಬಿಳಿಚಿಕೊಂಡಿತು. ಗೋಣಿಚೀಲದ ಮೇಲೆಯೇ ವಾಂತಿ ಮಾಡಿದಳು. ನಾನು ಎತ್ತಿಕೊಂಡು ಹೋಗಿ ಕೈಕಾಲು ತೊಳೆದು ಮಲಗಿಸಿದೆ.

"ಮೊದ್ಲು ಎಲ್ರಿಗೂ ಅಂಗೇ ಕಣವ್ವ," ಅಂದರು ಅತ್ತೆ. "ನಂಗಾಗಿರ್ನಿಲ್ವಾ? ನಿಂಗಾಗಿರ್ನಿಲ್ವಾ? ಒಗ್ಗೋಯ್ತದೆ."

"ನಾಳೆಯಿಂದ ಅವಳನ್ನ ಕೂರ್ಸಕಿಲ್ಲ," ಎಂದೆ ಗಂಡನಿಗೆ.

"ಸರಿ. ಹಂಗಾರೆ ರೂಪಾನ ಕರಿ."

ರೂಪಾ ಜಗಲಿಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಪುಸ್ತಕ ಮುಚ್ಚಿ ಎದ್ದು ನಿಂತಳು. ಅವಳ ಅಂಗೈ ಆ ವಾರ ಮೊದಲ ಸಲ ತಿಳಿಯಾಗಿತ್ತು. ನಾನು ಆ ಅಂಗೈ ನೋಡಿದೆ, ಒಳಗೆ ಮಲಗಿದ್ದವಳನ್ನು ನೋಡಿದೆ. "ನೀನು ಓದ್ಕೊ ಹೋಗು," ಅಂದೆ.

ಶುಕ್ರವಾರ ಪೂಜಾ ಮತ್ತೆ ಕೂತಳು.

ಶನಿವಾರ ರೂಪಾ ಪರೀಕ್ಷೆ ಬರೆದಳು. ವಾಂತಿಯಾಗಲಿಲ್ಲ, ಯಾರೂ ಪಕ್ಕದಿಂದ ಎದ್ದು ಹೋಗಲಿಲ್ಲ. ಜಾಗ ಉಳಿಯಿತು. ಮೇಡಂ ನನ್ನ ಕೈ ಹಿಡಿದು, "ನೋಡಿ, ನೀವು ಮನಸ್ಸು ಮಾಡಿದ್ದಕ್ಕೆ ಆಯ್ತು," ಅಂದರು. ನನ್ನ ಕೈಯ ಅಂಟು ಅವರಿಗೆ ಹತ್ತೀತೆಂದು ಬಿಡಿಸಿಕೊಂಡೆ.

ಈಗ ಸೊಪ್ಪಿನ ಕಾಲ ಮುಗಿಯುತ್ತಾ ಬಂದಿದೆ. ಪೂಜಾಗೆ ವಾಂತಿ ನಿಂತಿದೆ. "ನೋಡ್ದಾ, ಒಗ್ಗೋದ್ಲು," ಅಂತ ಅತ್ತೆ ಹೆಮ್ಮೆಯಿಂದ ಹೇಳುತ್ತಾರೆ.

ನಿನ್ನೆ ಸಂಜೆ ರೂಪಾ ಜಗಲಿಯಲ್ಲಿ ಓದಿದಳು: "ಸಾಲಾಗಿ ಹತ್ತು ಕಂಬಗಳಿವೆ. ಕಂಬದಿಂದ ಕಂಬಕ್ಕೆ ಎರಡು ಮೀಟರ್. ಮೊದಲ ಕಂಬದಿಂದ ಕೊನೆಯ ಕಂಬಕ್ಕೆ ಎಷ್ಟು ದೂರ?"

ಓದಿ, ತಂಗಿಯ ಕಡೆ ನೋಡುತ್ತಾ ಕಾದಳು. ಅಕ್ಕಿ ಆರಿಸುತ್ತಿದ್ದ ನಾನೂ ಕಾದೆ.

ಪೂಜಾ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು.

"ಪೂಜಾ, ಯೋಳೆ," ಅಂದಳು ರೂಪಾ. "ನಾನ್ ಬಯ್ಯಾಕಿಲ್ಲ."

"ತಲೆ ನೋಯ್ತದೆ ಕಣಕ್ಕ. ನೀನೇ ಮಾಡ್ಕೊ."

ರೂಪಾ ಉತ್ತರ ಬರೆಯಲಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಓದಿದಳು.