ತೂತು ಕಂಡರಾಗದ ಮಾವ

ನಮ್ಮ ಮಾವನಿಗೆ ತೂತು ಕಂಡರೆ ಆಗದು. ಬೀಗದ ಕಿಂಡಿಗೆ ಹತ್ತಿ ತುರುಕಿದ್ದಾನೆ, ಅಡುಗೆಮನೆ ಕಿಟಕಿಗೆ ಹಲಗೆ ಹೊಡೆದಿದ್ದಾನೆ. ಅಂಗಳದ ಬಚ್ಚಲುಮನೆಗೊಂದು ಗವಾಕ್ಷಿಯಿತ್ತು, ಅದನ್ನೂ ಅಂಗೈಯಗಲ ಬಿಟ್ಟು ಇಟ್ಟಿಗೆ ಕಟ್ಟಿ ಮುಚ್ಚಿದ. ಎಣ್ಣೆ ಡಬ್ಬ ತಂದರೆ ಒಂದೇ ತೂತು ಹೊಡೆಯುತ್ತಾನೆ, ಎರಡನೆಯದು ದಂಡವಂತೆ. ಗುಳುಕ್ ಗುಳುಕ್ ಎಂದು ಅರ್ಧ ಲೋಟ ಎಣ್ಣೆ ಬೀಳುವಷ್ಟರಲ್ಲಿ ಒಲೆಯ ಮೇಲಿನ ಬಾಣಲೆ ಕೆಂಪಗಾಗಿರುತ್ತದೆ. ಅವನು ಆಚೆ ಹೋದಮೇಲೆ ಅತ್ತೆ ಮೊಳೆಯಲ್ಲಿ ಇನ್ನೊಂದು ಹೊಡೆಯುತ್ತಾಳೆ.

ನಾನು ಈ ಮಹಾನುಭಾವನ ಕೈಕೆಳಗೆ ಮರ ಕುಯ್ಯುವವನು. ಎಂಟನೇ ಕ್ಲಾಸಿನಿಂದ ನನ್ನನ್ನು ಬಿಡಿಸಿ ತಂದವನೂ ಇವನೇ. ಪುಸ್ತಕ ಓದಿದರೆ ಮರ ಬೀಳುತ್ತದಾ ಎಂದು ಕೇಳಿದ್ದ. ಓದದವನು ಕುಯ್ದರೆ ಹೇಗೆ ಬೀಳುತ್ತದೆ ಅನ್ನುವುದನ್ನು ಸೋಮವಾರ ತೋರಿಸಿದ.

ಅವತ್ತು ಹತ್ತು ಗಂಟೆಗೆ ಅತ್ತೆಗೆ ಹತ್ತನೇ ಕ್ಲಾಸಿನ ವಿಜ್ಞಾನದ ಪರೀಕ್ಷೆ. ಬೇರೆಲ್ಲ ಪಾಸಾಗಿ ಇದೊಂದರಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲ ಪಾಸಾದರೆ ಆಸ್ಪತ್ರೆಯ ಆಯಾ ಕೆಲಸ ಖಾಯಂ, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಎಂಟು ಗಂಟೆಗೆ ಪುಸ್ತಕ ಹಿಡಿದು ಬಚ್ಚಲುಮನೆ ಸೇರಿದಳು. ಮಾವ ಬಂದು ಕಾಟ ಕೊಡದ ಜಾಗ ಅದೊಂದೇ.

ಅದೇ ಹೊತ್ತಿಗೆ ಅಂಗಳದ ಒಣಮರ ಉರುಳಿಸುವ ಹುಕಿ ಬಂತು ಮಾವನಿಗೆ. ರಸ್ತೆ ಕಡೆ ಬೀಳುತ್ತದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಮರ ಬಚ್ಚಲುಮನೆಯ ಬಾಗಿಲಿಗೆ ಅಡ್ಡ ಮಲಗಿತು. ಹೊರಕ್ಕೆ ತೆರೆಯುವ ಬಾಗಿಲು. ಗರಗಸದ ಮಿಷನ್ನೂ ಆಗಲೇ ಕೆಮ್ಮಿ ನಿಂತಿತು.

ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಹೊತ್ತಿಕೊಂಡು ಭರ್ರೆಂದಿತು. ತೊಗಟೆ ಕಚ್ಚಿಸುವಷ್ಟರಲ್ಲಿ ಗೊರಗೊರ ಎಂದು ಸತ್ತಿತು. ಮಾವ ಟ್ಯಾಂಕಿನ ಮುಚ್ಚಳ ತಿರುವಿ ಪೆಟ್ರೋಲ್ ಇಣುಕಿ ನೋಡಿ ಮುಚ್ಚಿದ, ಪ್ಲಗ್ಗು ಉಜ್ಜಿಸಿದ. ಮತ್ತೆ ಹೊತ್ತಿತು, ಮತ್ತೆ ಸತ್ತಿತು. ಮತ್ತೆ ಮುಚ್ಚಳ ತೆಗೆದು ಇಣುಕಿ, ಏರ್ ಫಿಲ್ಟರ್ ಕೊಡವಿಸಿದ. ಹೊತ್ತಿತು, ಸತ್ತಿತು. ಮೂರನೇ ಸಲ ಮುಚ್ಚಳ ತೆಗೆದವನು ಕಾರ್ಬೊರೇಟರಿಗೆ ದೃಷ್ಟಿಯಾಗಿದೆ ಎಂದ. ನಾನು ಕೊಡಲಿಗೆ ಓಡಿದೆ. ಹೋದ ತಿಂಗಳು ಅದರ ಕಾವು ಮುರಿದಿತ್ತು. ಕಾವು ಕೂರಿಸುವ ತೂತು ಖಾಲಿ ಕಂಡದ್ದೇ ತಡ, ಮಾವ ಅದಕ್ಕೂ ಸಿಮೆಂಟು ತುಂಬಿಟ್ಟಿದ್ದ. ಕೊಡಲಿಯನ್ನು ಅಲ್ಲೇ ಎಸೆದು ಬಂದೆ.

ಒಂಬತ್ತೂವರೆಯಾಯಿತು. ಒಳಗಿಂದ ಅತ್ತೆಯ ದನಿ ಬಂತು.

"ರೀ, ಮುಚ್ಚಳ ತೆಗೆದಾಗೆಲ್ಲ ಉಸ್ ಅಂತಿದೆಯಲ್ಲ, ಏನದು?"

"ಮಿಷನ್ನಿನ ನಿಟ್ಟುಸಿರು. ನೀನು ಓದ್ಕೋ."

"ಅದನ್ನೇ ಓದ್ತಿದ್ದೀನಿ, ಗಾಳಿಯ ಒತ್ತಡ. ಆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರಬೇಕಲ್ಲ, ಇದೆಯಾ?"

ಮಾವ ಹೆಮ್ಮೆಯಿಂದ ಎದೆ ಸೆಟೆಸಿದ. "ಇತ್ತು. ಪೆಟ್ರೋಲ್ ಹಾರಿಹೋಗುತ್ತೆ ಅಂತ ನಿನ್ನೆ ಮೇಣ ಇಳಿಸಿ ಮುಚ್ಚಿದೆ."

ಒಳಗೆ ಪುಸ್ತಕ ಪಟ್ಟನೆ ಮುಚ್ಚಿದ ಸದ್ದಾಯಿತು. ಆಮೇಲೆ ಗವಾಕ್ಷಿಯ ಅಂಗೈಯಗಲದ ಸಂದಿಯಿಂದ ಅತ್ತೆಯ ಕೈ ಹೊರಬಂತು. ಬೆರಳುಗಳ ನಡುವೆ ತಲೆಪಿನ್ನು.

"ಚುಚ್ಚು ಮಗಾ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೆಂಗೆ ಇಳಿಯುತ್ತೆ? ನಮ್ಮನೆ ಎಣ್ಣೆ ಡಬ್ಬ ಥರಾನೇ ಆಗಿದೆ ಅದರ ಗತಿ."

ಮಾವ ಮುಚ್ಚಳದ ಮೇಲೆ ಎರಡೂ ಕೈ ಮುಚ್ಚಿಕೊಂಡ. ಅವನ ಒಂದೊಂದೇ ಬೆರಳು ಬಿಡಿಸಿ ಚುಚ್ಚಿದೆ. ಮೇಣ ಸುರುಳಿಯಾಗಿ ಬಂತು. ಹಗ್ಗ ಎಳೆದರೆ ಮಿಷನ್ನು ಹೊತ್ತಿತು, ನಿಲ್ಲಲೇ ಇಲ್ಲ. ಮರವನ್ನು ಮೂರು ತುಂಡು ಮಾಡಿ ಉರುಳಿಸಿದೆ. ನಾನು ಆರಿಸುವವರೆಗೂ ಅದು ಕೆಮ್ಮಲಿಲ್ಲ. ಸಮಾಧಾನ ಇರಬೇಕು ಅಂತ ತಾನು ಬೆಳಗ್ಗಿಂದ ಹೇಳುತ್ತಿದ್ದುದು ಇದಕ್ಕೇ ಎಂದು ಮಾವ ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದ.

ಅತ್ತೆ ಬಂದವಳೇ ಮಿಷನ್ನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತಳು. ಇದು ಇಲ್ಲೇ ಇದ್ದರೆ ಮಧ್ಯಾಹ್ನದೊಳಗೆ ಮತ್ತೆ ಮೇಣ ಬೀಳುತ್ತದೆ ಎಂದಳು. ಅದು ನಿಜ, ಮಾವನ ಕೈಯಲ್ಲಿ ಆಗಲೇ ಮೇಣದಬತ್ತಿ ಇತ್ತು.

ಶಾಲೆಯ ಕಾವಲುಗಾರ ಗೇಟು ಎಳೆಯುತ್ತಿದ್ದ. ಗಂಟೆ ಹೊಡೆದಾಯಿತು, ಆಗಲ್ಲ ಎಂದವನ ಕಣ್ಣು ಅತ್ತೆಯ ಮಡಿಲಿಗೆ ಬಿತ್ತು. ಎರಡಡಿ ಉದ್ದದ ಹಲ್ಲಿನ ಪಟ್ಟಿ ನೋಡಿ ಗೇಟನ್ನು ಒಂದು ಸಂದಿಯಷ್ಟು ತೆರೆದ.

"ಪೆನ್ನು, ಹಾಲ್ ಟಿಕೆಟ್ ಬಿಟ್ಟು ಬೇರೇನೂ ಒಳಗೆ ತರಂಗಿಲ್ಲಮ್ಮ," ಅಂದ, ಬಹಳ ಮೆತ್ತಗೆ.

ಅತ್ತೆ ಮಿಷನ್ನನ್ನು ನನ್ನ ತೋಳಿಗೆ ಹಾಕಿದಳು. ಅವನು ತೆರೆದ ಸಂದಿಯಲ್ಲಿ ನುಗ್ಗಿ, ತಲೆಯ ಮರದ ಪುಡಿ ಉದುರಿಸುತ್ತ ಓಡಿದಳು. ಅವಳು ಬರುವವರೆಗೂ ನಾನು ಗೇಟಿನೆದುರು ಮಿಷನ್ ತಬ್ಬಿಕೊಂಡೇ ಕೂತಿದ್ದೆ. ಕಾವಲುಗಾರ ಎರಡು ಸಲ ನೀರು ತಂದುಕೊಟ್ಟ. ಹೋಗಪ್ಪಾ ಎಂದು ಒಮ್ಮೆಯೂ ಹೇಳಲಿಲ್ಲ.

ಅತ್ತೆ ಹೊರಬಂದಳು. ಗಾಳಿಯ ಒತ್ತಡಕ್ಕೆ ದಿನಬಳಕೆಯ ಉದಾಹರಣೆ ಕೊಡಿ ಎಂದು ಕೇಳಿದ್ದರಂತೆ. ನಾಲ್ಕು ಸಾಲು ಸಾಕಿತ್ತಂತೆ. ಇವಳು ಎರಡು ಪುಟ ಬರೆದು, ಕೊನೆಗೆ ಮಾವನನ್ನು ಒಂದೇ ತೂತಿನ ಎಣ್ಣೆ ಡಬ್ಬದ ಪಕ್ಕದಲ್ಲಿ ನಿಲ್ಲಿಸಿ ಚಿತ್ರವನ್ನೂ ಬಿಡಿಸಿದ್ದಳು.

"ಪಾಸ್ ಆಗ್ತೀಯಾ ಅತ್ತೆ?"

"ಆಗದೆ ಏನು." ಮಿಷನ್ನನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಇದು ಇಟ್ಟಿಗೆ ಕುಯ್ಯುತ್ತಾ?"

"ಇಲ್ಲ."

"ಅಡುಗೆಮನೆ ಕಿಟಕಿಗೆ ಹೊಡೆದಿರೋ ಹಲಗೆ?"

"ಅದು ಕುಯ್ಯುತ್ತೆ."

"ಹಂಗಾದ್ರೆ ಬೇಗ ಹೊಡಿ ಗಾಡಿ. ಅವರು ಊಟ ಮಾಡಿ ಮಲಗಿರೋ ಹೊತ್ತು."